‘ಟೂ ಡಿ ಮಾಡ್ಕೊಡಿ’: ಒಂದು ಗೇಣು ಕುಗ್ಗಿದ ಹಾಪರ್‌ನ ಪ್ರಕರಣ

“ಸಾರ್, ಹಾಪರ್ ಹತ್ರ ಹತ್ರ ಒಂದು ಗೇಣು ಸಾಲ್ತಿಲ್ಲ. ಕೆಳಗೆ ಒಂದು ಕುತ್ತಿಗೆ ಕೂರಿಸಿ ವೆಲ್ಡಿಂಗ್ ಹೊಡೆದುಬಿಡ್ಲಾ?”

ಸೋಮವಾರ ಮಧ್ಯಾಹ್ನ ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಿಂದ ಫಿಟ್ಟರ್ ಮಾಡಿದ ಫೋನು ಇದು. ಹಾಪರ್ ಅಂದರೆ ಮಷೀನಿನ ತಲೆಯ ಮೇಲೆ ಕೂರುವ ದೊಡ್ಡ ಲಾಳಿಕೆ, ಮೇಲೆ ಸುರಿದ ಸರಕು ಕೆಳಗಿನ ಬಾಯಿಂದ ಇಳಿಯುತ್ತದೆ. ನಾನು ಊಟಕ್ಕೆ ಕೂತಿದ್ದೆ. ‘ಸಾಲ್ತಿಲ್ಲ’ ಅನ್ನುವ ಮಾತು ನಮ್ಮ ಕಸುಬಿನಲ್ಲಿ ದಿನಾ ಕೇಳುವಂಥದ್ದೇ. ಎರಡು ಎಂಎಂ ಸಾಲದು, ಐದು ಎಂಎಂ ಸಾಲದು, ಅಷ್ಟಕ್ಕೆ ಗ್ರೈಂಡಿಂಗ್ ಇದೆ, ಪ್ಯಾಕಿಂಗ್ ಪ್ಲೇಟ್ ಇದೆ. ಆದರೆ ಒಂದು ಗೇಣು ಅಂದರೆ ಅದು ಅಳತೆಯಲ್ಲಾದ ತಪ್ಪಲ್ಲ, ತಿಳಿವಳಿಕೆಯಲ್ಲೇ ಆದ ತಪ್ಪು. ಅನ್ನ ಬಿಟ್ಟು ಎದ್ದೆ. “ಕುತ್ತಿಗೆ ಗಿತ್ತಿಗೆ ಏನೂ ಹಾಕ್ಬೇಡಪ್ಪ, ಬರ್ತಿದೀನಿ” ಎಂದೆ.

ರಾಜಗೋಪಾಲನಗರದಲ್ಲಿ ನನ್ನದೊಂದು ಸಣ್ಣ ಡ್ರಾಫ್ಟಿಂಗ್ ಆಫೀಸು. ಎರಡು ಕಂಪ್ಯೂಟರು, ಒಂದು ಪ್ಲಾಟರು, ನಾನು ಮತ್ತು ಬಿಇ ಮುಗಿಸಿ ಬಂದ ಒಬ್ಬ ಹುಡುಗ. ಮುಖ್ಯ ಕೆಲಸ ಸರ್ವೆ ಡ್ರಾಯಿಂಗು. ಪೀಣ್ಯದ ಶೆಡ್‌ಗಳು ಹತ್ತಿರ ಇರುವುದರಿಂದ ಆಗಾಗ ‘ಈ ತ್ರೀ ಡಿ ಫೈಲನ್ನ ಟೂ ಡಿ ಮಾಡ್ಕೊಡಿ, ಲೇಸರ್ ಕಟಿಂಗ್‌ಗೆ ಹಾಕ್ಬೇಕು’ ಅಂತ ಬರುತ್ತಾರೆ. ಆ ಶೆಡ್ಡಿನ ಓನರ್ ಬಂದಿದ್ದೂ ಹಾಗೆಯೇ, ಆಯುಧಪೂಜೆಗೆ ಹತ್ತು ದಿನ ಇರುವಾಗ. ಹಬ್ಬದೊಳಗೆ ಮಷೀನು ಗಿರಾಕಿಯ ಮನೆ ಸೇರಬೇಕಿತ್ತು.

ಜಾಬ್ ಇಷ್ಟು: ಇಡ್ಲಿ ರವೆ ಪ್ಯಾಕಿಂಗ್ ಮಷೀನಿಗೆ ಎಸ್‌ಎಸ್ 304 ಅನ್ನುವ ಸ್ಟೇನ್‌ಲೆಸ್ ಸ್ಟೀಲಿನ, ಎರಡು ಎಂಎಂ ಶೀಟಿನ ಹಾಪರ್. ಮೇಲೆ 1200 x 1200 ಚೌಕ, ಕೆಳಗೆ 300 x 300 ಬಾಯಿ, ಎತ್ತರ 600. ತಲೆಕೆಳಗಾದ, ತುದಿ ಕತ್ತರಿಸಿದ ಪಿರಮಿಡ್ಡು ಅಂದುಕೊಳ್ಳಿ. ನಾಲ್ಕು ಇಳಿಜಾರು ಪ್ಲೇಟು. ಒಂದು ಪ್ಲೇಟಿಗೆ ವೈಬ್ರೇಟರ್ ಕೂರಿಸಲು 11 ಎಂಎಂನ ಎರಡು ತೂತು, ಅಡ್ಡಸಾಲಿನಲ್ಲಿ, 100 ಎಂಎಂ ಅಂತರದಲ್ಲಿ. ಗಿರಾಕಿ ಕಳಿಸಿದ್ದು ಸ್ಟೆಪ್ ಫೈಲು, ಅಂದರೆ ಹಾಪರ್‌ನ ತ್ರೀ ಡಿ ಮಾದರಿ. ಜೊತೆಗೆ ಓನರ್ ತಮ್ಮ ಕೈಯಾರೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು: ಮೇಲೆ 1200, ಕೆಳಗೆ 300, ಎತ್ತರ 600, ಇಳಿಜಾರು 750. ಈ ಹಾಳೆಯನ್ನು ನೆನಪಿಟ್ಟುಕೊಳ್ಳಿ, ಕಥೆಯ ನಡುಗಂಬ ಇದೇ.

ಅವತ್ತು ನಾನು ನೆಲಮಂಗಲದ ಕಡೆ ಸೈಟಿನಲ್ಲಿದ್ದೆ. ಹುಡುಗ ಫೋನ್ ಮಾಡಿ ಕೇಳಿದ. “ಫ್ರಂಟ್ ಪ್ಲೇಟನ್ನ ಟೂ ಡಿ ಮಾಡಿ ಡಿಎಕ್ಸ್‌ಎಫ್ ಕಳಿಸ್ಬಿಡು” ಅಂದೆ (ಡಿಎಕ್ಸ್‌ಎಫ್ ಅಂದರೆ ಲೇಸರ್ ಕಟಿಂಗ್‌ಗೆ ಕೊಡುವ ಟೂ ಡಿ ಗೆರೆಗಳ ಫೈಲು). ನನ್ನ ಬಾಯಿಂದ ಬಂದದ್ದು ಅಷ್ಟೇ. ಅವನು ಮಾಡಿದ್ದೂ ಅಕ್ಷರಶಃ ಅಷ್ಟೇ.

ಶೆಡ್ಡಿಗೆ ಹೋದಾಗ ಹಾಪರ್ ಆಂಗಲ್ ಫ್ರೇಮಿನ ಮೇಲೆ ಕೂತಿತ್ತು. ನಾಲ್ಕು ಮೂಲೆಗೂ ಟ್ಯಾಕ್, ಅಂದರೆ ತಾತ್ಕಾಲಿಕ ಚುಕ್ಕಿ ವೆಲ್ಡಿಂಗ್, ಬಿದ್ದಿತ್ತು, ಆರ್ಗಾನ್ ವೆಲ್ಡಿಂಗ್ ಇನ್ನೂ ಆಗಿರಲಿಲ್ಲ. ಅದನ್ನು ಕಂಡು ನನಗೆ ಆಶ್ಚರ್ಯವಾದದ್ದು ಅದರ ಅಂದಕ್ಕೆ. ಮೂಲೆಗಳು ಕೂದಲೆಳೆಯಷ್ಟೂ ಬಿಡದೆ ಕೂಡಿಕೊಂಡಿದ್ದವು. ಮೇಲಿನ ಬಾಯಿ ಕರ್ಣ ಹಿಡಿದು ನೋಡಿದರೆ ಪಕ್ಕಾ ಚೌಕ, ಕೆಳಗಿನದೂ ಪಕ್ಕಾ ಚೌಕ. ತಪ್ಪಾಗಿ ಕತ್ತರಿಸಿದ ಜಾಬ್ ಸಾಮಾನ್ಯವಾಗಿ ಜೋಡಿಸುವಾಗಲೇ ಜಗಳ ತೆಗೆಯುತ್ತದೆ. ಇದು ಮದುವೆ ಮನೆಯ ಬೀಗರ ಹಾಗೆ ನಗುತ್ತಾ ಕೂತಿತ್ತು. ಆದರೆ ಕೆಳಗಿನ ಬಾಯಿಗೂ ರವೆಯನ್ನು ಮುಂದಕ್ಕೆ ತಳ್ಳುವ ಸ್ಕ್ರೂ ಫೀಡರ್‌ನ ಬಾಯಿಗೂ ನಡುವೆ ಖಾಲಿ ಜಾಗ. ಟೇಪ್ ಹಿಡಿದರೆ 203. ಅಂದರೆ ಹಾಪರ್‌ನ ಎತ್ತರ 600 ಅಲ್ಲ, 397.

ಫಿಟ್ಟರ್ ಕುಣಿಗಲ್ ಕಡೆಯವನು, ಕೈ ಬಲು ಶುದ್ಧ. ಅವನು ಹೇಳಿದ ಇನ್ನೊಂದು ಮಾತು ನನ್ನ ಕಿವಿ ನಿಮಿರುವಂತೆ ಮಾಡಿತು. “ವೈಬ್ರೇಟರ್ ಬೋಲ್ಟು ಹೋಗ್ತಿರ್ಲಿಲ್ಲ ಸಾರ್. ತೂತು ಒಂಚೂರು ಮೊಟ್ಟೆ ಥರ ಇತ್ತು. ಲೇಸರ್‌ನೋರು ಕೆಡಿಸಿರ್ಬೇಕು ಅಂತ 11ರ ಬಿಟ್ ಹಾಕಿ ಎಳೆದೆ, ಸರಿಹೋಯ್ತು.”

ಸರಿಹೋಯಿತು ಅನ್ನುವ ಜಾಗದಲ್ಲೇ ಸಾಕ್ಷಿ ಅಳಿಸಿಹೋಗಿತ್ತು. ಅದೃಷ್ಟಕ್ಕೆ ಲೇಸರ್ ಕಟಿಂಗ್‌ನವರು ತೂತಿನ ಬಿಲ್ಲೆಗಳನ್ನು ಸ್ಕ್ರಾಪಿಗೆ ಇನ್ನೂ ಎಸೆದಿರಲಿಲ್ಲ. ಫೋನ್ ಮಾಡಿ ಅಳೆಸಿದೆ. ಅಡ್ಡಕ್ಕೆ ಹನ್ನೊಂದರ ಹತ್ತಿರ, ಉದ್ದಕ್ಕೆ ಒಂಬತ್ತಕ್ಕೂ ಕಡಿಮೆ. ಆಫೀಸಿನ ಡಿಎಕ್ಸ್‌ಎಫ್ ತೆಗೆದು ನೋಡಿದರೆ ಲೆಕ್ಕ ಸ್ಪಷ್ಟ: 11 x 8.8. ಹತ್ತರ ಬೋಲ್ಟು 8.8ರಲ್ಲಿ ಹೇಗೆ ತೂರೀತು? 11ಕ್ಕೆ 8.8 ಎಷ್ಟು ಪಾಲು? 0.8. 750ಕ್ಕೆ 600 ಎಷ್ಟು ಪಾಲು? ಅದೂ 0.8. ಅಲ್ಲಿಗೆ ಕಳ್ಳ ಸಿಕ್ಕ.

ತೂತುಗಳು ಅಡ್ಡಸಾಲಿನಲ್ಲಿ ಇದ್ದದ್ದೇ ದುರದೃಷ್ಟ. ಅಡ್ಡ ಅಳತೆ ಕುಗ್ಗುವುದಿಲ್ಲವಾದ್ದರಿಂದ 100ರ ಅಂತರ 100 ಆಗಿಯೇ ಉಳಿದಿತ್ತು. ನಾಲ್ಕು ತೂತು ಚೌಕವಾಗಿ ಇದ್ದಿದ್ದರೆ ಮೇಲಿನಿಂದ ಕೆಳಕ್ಕೆ 80 ಬಂದು ವೈಬ್ರೇಟರ್‌ನ ಪಾದವೇ ಕೂರುತ್ತಿರಲಿಲ್ಲ, ಫಿಟ್ಟರ್ ಅಲ್ಲೇ ಕೂಗುತ್ತಿದ್ದ.

ಹುಡುಗ ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಅವನ ಪಕ್ಕ ಕೂತೇ ನೋಡಿದೆ. ಸ್ಟೆಪ್ ಫೈಲನ್ನು ಆಟೊಕ್ಯಾಡ್‌ಗೆ ತಂದಿದ್ದಾನೆ. ವ್ಯೂ ಫ್ರಂಟಿಗೆ ತಿರುಗಿಸಿದ್ದಾನೆ. ಫ್ಲಾಟ್‌ಶಾಟ್ ಅನ್ನುವ ಕಮಾಂಡ್ ಕೊಟ್ಟಿದ್ದಾನೆ, ಎದುರಿಗೆ ಕಾಣುವ ನೋಟವನ್ನು ಅದು ಚಪ್ಪಟೆ ಗೆರೆಚಿತ್ರ ಮಾಡುತ್ತದೆ. ಮರೆಯಲ್ಲಿರುವ ಗೆರೆಗಳನ್ನು ತೋರಿಸುವ ಟಿಕ್ ತೆಗೆದಿದ್ದಾನೆ. ಒಳ್ಳೆಯದೇ, ಇಲ್ಲದಿದ್ದರೆ ಹಿಂದಿನ ಪ್ಲೇಟಿನ ಗೆರೆಯೂ ಮುಂದಿನದರ ಮೇಲೆಯೇ ಕೂತು ಲೇಸರ್ ಒಂದೇ ದಾರಿಯನ್ನು ಎರಡೆರಡು ಸಲ ಕತ್ತರಿಸುತ್ತದೆ. ಬಂದ ಬ್ಲಾಕನ್ನು ಎಕ್ಸ್‌ಪ್ಲೋಡ್ ಮಾಡಿ ಬಿಡಿ ಗೆರೆಗಳಾಗಿ ಒಡೆದು, ಒಂದರ ಮೇಲೊಂದು ಬಿದ್ದ ಗೆರೆ ತೆಗೆಯಲು ಓವರ್‌ಕಿಲ್ ಓಡಿಸಿ, ಗೆರೆಗಳನ್ನು ಒಂದೇ ಪಾಲಿಲೈನಾಗಿ ಮುಚ್ಚಿದ್ದಾನೆ. ತೂತಿಲ್ಲದ್ದು ಮೂರು, ತೂತಿರುವುದು ಒಂದು ಅಂತ ನೀಟಾಗಿ ಬರೆದಿದ್ದಾನೆ. ಲೇಸರ್ ಕಟಿಂಗ್‌ನವರು ಒಂದು ಮಾತೂ ಆಡದೆ ತೆಗೆದುಕೊಳ್ಳುವಂಥ ಫೈಲು.

“ಚೆಕ್ ಮಾಡ್ಲಿಲ್ವಾ?”

“ಮಾಡಿದೆ ಸಾರ್. ಓನರ್ ಕೊಟ್ಟ ಚೀಟಿ ಇಟ್ಕೊಂಡೇ ಮಾಡಿದೆ.” ಸ್ಕ್ರೀನಿನ ಮೇಲೆ ಅಳೆದು ತೋರಿಸಿದ. ಮೇಲೆ 1200. ಕೆಳಗೆ 300. ಎತ್ತರ 600. ಆಮೇಲೆ ಓರೆ ಅಂಚಿನ ಮೇಲೆ ಡೈಮೆನ್ಷನ್ ಇಟ್ಟ: 750.

ನಾನು ಒಂದು ಕ್ಷಣ ಸುಮ್ಮನಾದೆ. ಚೀಟಿಯಲ್ಲಿದ್ದ ನಾಲ್ಕಕ್ಕೆ ನಾಲ್ಕೂ ಅಳತೆ ತಪ್ಪು ಡ್ರಾಯಿಂಗಿನಲ್ಲಿ ಸರಿಯಾಗಿ ಕೂತಿದ್ದವು!

ಇದು ಹೇಗೆ ಆಯಿತು ಅನ್ನುವುದು ಸ್ವಾರಸ್ಯದ ವಿಷಯ. ಮೇಲಿನ ಬಾಯಿ 1200, ಕೆಳಗಿನದು 300, ವ್ಯತ್ಯಾಸ 900, ಒಂದೊಂದು ಪಕ್ಕಕ್ಕೆ 450. ಎತ್ತರ 600. 450, 600 ಇದ್ದರೆ ಓರೆ 750, ನಾವು ಮೂರು-ನಾಲ್ಕು-ಐದು ಅಂತ ಮೂಲೆಮಟ್ಟ ಹಿಡಿಯುವ ಅದೇ ಲೆಕ್ಕ. ಓನರ್ ಬರೆದ ‘ಇಳಿಜಾರು 750’ ಅಂದರೆ ಪ್ಲೇಟಿನ ನಟ್ಟ ನಡುವೆ ಮೇಲಂಚಿನಿಂದ ಕೆಳಂಚಿಗೆ ಹಿಡಿದ ಉದ್ದ. ಮುಂದಿನಿಂದ ನೋಡಿದ ಚಿತ್ರದಲ್ಲಿ ಆ ಉದ್ದ 600 ಆಗಿ ಕುಗ್ಗುತ್ತದೆ. ಅದೇ ಚಿತ್ರದಲ್ಲಿ ಪಕ್ಕದ ಓರೆ ಅಂಚು 450 ಅಡ್ಡ, 600 ಉದ್ದ, ಹಾಗಾಗಿ 750 ಕಾಣುತ್ತದೆ. ನಿಜವಾದ ಪ್ಲೇಟಿನಲ್ಲಿ ಆ ಅಂಚು 875ಕ್ಕೆ ಕೂದಲೆಳೆ ಕಡಿಮೆ, 874.6. ಎರಡು ಬೇರೆ ಬೇರೆ ಗೆರೆ, ಒಂದೇ ಸಂಖ್ಯೆ. ಹಾಪರ್ ಸಮಚೌಕವಾಗಿದ್ದದ್ದೇ ಈ ಮೋಸಕ್ಕೆ ಕಾರಣ. ಉದ್ದ ಅಗಲ ಬೇರೆ ಇದ್ದಿದ್ದರೆ ಹೊಂದುತ್ತಿರಲಿಲ್ಲ.

ಪ್ಲೇಟುಗಳು ಅಷ್ಟು ಚೆನ್ನಾಗಿ ಕೂಡಿಕೊಂಡದ್ದಕ್ಕೂ ಅದೇ ಕಾರಣ. ನಾಲ್ಕೂ ಪ್ಲೇಟಿನ ಓರೆ ಅಂಚು ಒಂದಕ್ಕೊಂದು ಸಮ, ಆದ್ದರಿಂದ ಹಾಪರ್ ಮುಚ್ಚಿಕೊಳ್ಳುತ್ತದೆ. ಆದರೆ 600 ಉದ್ದದ ಪ್ಲೇಟು 450 ಒಳಗೆ ಬರಬೇಕಾದರೆ ಅಷ್ಟು ಮಲಗಲೇಬೇಕು. 600ರ ವರ್ಗದಲ್ಲಿ 450ರ ವರ್ಗ ಕಳೆದು ಮೂಲ ತೆಗೆದರೆ 396.9.

ಹುಡುಗನಿಗೆ ಇದನ್ನು ಲೆಕ್ಕದಲ್ಲಿ ಹೇಳಿದರೆ ತಲೆಯಾಡಿಸಿದ, ಕಣ್ಣಲ್ಲಿ ಬೆಳಕು ಬರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದುಹೋದ ತಿಂಗಳ ಹಾಳೆ ಹರಿದೆ. ಹಿಂಬದಿಯಲ್ಲಿ ಹತ್ತಕ್ಕೊಂದು ಅಳತೆಯಲ್ಲಿ ಅವನ ಡಿಎಕ್ಸ್‌ಎಫ್‌ನಂತೆಯೇ ನಾಲ್ಕು ತುಂಡು ಬರೆದು ಕತ್ತರಿಸಿದೆವು: ಮೇಲೆ 12 ಸೆಂಟಿಮೀಟರ್, ಕೆಳಗೆ 3, ಉದ್ದ 6. ಸೆಲ್ಲೋಟೇಪಿನಲ್ಲಿ ಜೋಡಿಸಿ ಟೇಬಲ್ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿದೆ. ನಾಲ್ಕು ಸೆಂಟಿಮೀಟರ್‌ಗೆ ಒಂದು ಚೂರು ಕಡಿಮೆ. ಅವನು ಸ್ಕೇಲನ್ನೂ ಕಾಗದವನ್ನೂ ಎರಡು ಮೂರು ಸಲ ನೋಡಿದ. “ಅಂದ್ರೆ ನಾನು ಕಳಿಸಿದ್ದು ಪ್ಲೇಟ್ ಅಲ್ಲ ಸಾರ್, ಪ್ಲೇಟಿನ ಫೋಟೊ.”

“ನೀನು ಫಸ್ಟ್ ಇಯರ್‌ನಲ್ಲಿ ಪಿರಮಿಡ್ ಡೆವಲಪ್‌ಮೆಂಟ್ ಹಾಕಿಲ್ವೇನೋ?”

“ಹಾಕಿದೀನಿ ಸಾರ್. ಫುಲ್ ಮಾರ್ಕ್ಸ್ ಬಂದಿತ್ತು.”

ಸುಳ್ಳಲ್ಲ. ವಿಟಿಯು ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಘನಾಕೃತಿಗಳ ಮೈ ಬಿಡಿಸುವುದು ಒಂದು ಪಾಠವೇ. ಓರೆ ಅಂಚಿನ ನಿಜ ಉದ್ದ ಮೊದಲು ಕಂಡುಹಿಡಿ, ಆಮೇಲೆ ಬಿಡಿಸು ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆಯೇ ‘ಡೆವಲಪ್‌ಮೆಂಟ್ ಬರೆಯಿರಿ’ ಅಂತ ಹೇಳಿಬಿಡುತ್ತದೆ. ಪೀಣ್ಯದಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ‘ಟೂ ಡಿ ಮಾಡ್ಕೊಡಿ’ ಅನ್ನುತ್ತಾರೆ. ಮೂರು ಬೇರೆ ಬೇರೆ ಕೆಲಸಗಳಿಗೆ ಇದೊಂದೇ ಹೆಸರು.

ಮುತ್ತುಗದ ಎಲೆಯ ದೊನ್ನೆ ತೆಗೆದುಕೊಳ್ಳಿ. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ನೆರಳು ಬೀಳುತ್ತದೆ. ಅಂಗೈಯಿಂದ ಮೇಲಿನಿಂದ ಒತ್ತಿದರೆ ಅಲ್ಲೇ ಅಪ್ಪಚ್ಚಿಯಾಗುತ್ತದೆ. ಕಡ್ಡಿ ಕಿತ್ತು ಬಿಚ್ಚಿದರೆ ಮೊದಲಿದ್ದ ಎಲೆ ಸಿಗುತ್ತದೆ. ಮೂರೂ ಚಪ್ಪಟೆಯೇ. ದೊನ್ನೆ ಕಟ್ಟುವವನಿಗೆ ಬೇಕಾದದ್ದು ಎಲೆ. ಫ್ಲಾಟ್‌ಶಾಟ್ ಕೊಡುವುದು ನೆರಳು: ನಾವು ಯಾವ ಕಡೆಯಿಂದ ನೋಡುತ್ತಿದ್ದೇವೋ ಆ ಕಡೆಯ ನೆರಳು. ಅಸೆಂಬ್ಲಿ ಡ್ರಾಯಿಂಗಿಗೆ, ಅಪ್ರೂವಲ್‌ಗೆ, ಫ್ರೇಮಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ಅದೇ ಸರಿ. ಫ್ಲಾಟನ್ ಅನ್ನುವ ಇನ್ನೊಂದು ಕಮಾಂಡ್ ಮಾಡುವುದು ಒತ್ತುವ ಕೆಲಸ. ಕತ್ತರಿಸುವವನಿಗೆ ಮಾತ್ರ ಬಿಚ್ಚಿದ್ದೇ ಬೇಕು.

ಹುಡುಗನ ಕೈ ತಾನಾಗಿಯೇ ಚಪ್ಪಟೆ ಮಾಡುವ ಕಡೆ ಹೋದದ್ದೇಕೆ ಅಂತ ಯೋಚಿಸಿದರೆ, ಅದನ್ನು ಕಲಿಸಿದವನೇ ನಾನು. ಸರ್ವೆ ಕೆಲಸದಲ್ಲಿ ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರದಿಂದ ಬರುವ ಪ್ರತಿ ಬಿಂದುವಿಗೂ ಒಂದು ಎತ್ತರ ಅಂಟಿಕೊಂಡಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಒಂದು ಗಡಿರೇಖೆಯ ಒಂದು ತುದಿ 912 ಮೀಟರಿನಲ್ಲಿ, ಇನ್ನೊಂದನ್ನು ಯಾರೋ ಸೊನ್ನೆಯಲ್ಲಿ ಕ್ಲಿಕ್ ಮಾಡಿದ್ದಾರೆ ಅಂದುಕೊಳ್ಳಿ. 40 ಮೀಟರಿನ ಸೈಟಿನ ಗಡಿ 912.88 ಮೀಟರ್ ಅಂತ ತೋರಿಸುತ್ತದೆ! ಮೇಲಿನಿಂದ ನೋಡಿದರೆ ಗೆರೆ ನೆಟ್ಟಗೇ ಇರುತ್ತದೆ, ಎಲ್ಲೂ ಅನುಮಾನ ಬರುವುದಿಲ್ಲ. ಮೂಲೆ ಕೂಡಿಸಲು ಫಿಲೆಟ್ ಮಾಡಹೋದರೆ ಎರಡು ಗೆರೆ ಒಂದೇ ಸಮತಲದಲ್ಲಿಲ್ಲ ಅನ್ನುತ್ತದೆ, ಒಳಜಾಗ ತುಂಬುವ ಹ್ಯಾಚ್ ಕೂರುವುದಿಲ್ಲ, ಜಾಯಿನ್ ಆಗುವುದಿಲ್ಲ.

ಅಲ್ಲಿ ಒತ್ತುವುದೇ ಸರಿ. ಜಮೀನಿನ ವಿಸ್ತೀರ್ಣವನ್ನು ಹೇಗೂ ಸಮತಟ್ಟಿನ ಲೆಕ್ಕದಲ್ಲೇ ಹಿಡಿಯುವುದು. ಫ್ಲಾಟನ್ ಇಲ್ಲದ ಕಾಲದ ಹಳೇ ಉಪಾಯ ಒಂದಿದೆ, ನಾನು ಈಗಲೂ ಅದನ್ನೇ ಬಳಸುತ್ತೇನೆ: ಎಲ್ಲವನ್ನೂ ಸೆಲೆಕ್ಟ್ ಮಾಡಿ 0,0,1ಇ99ರಷ್ಟು ಮೇಲಕ್ಕೆ ಮೂವ್, ಮತ್ತೆ ಅಷ್ಟೇ ಕೆಳಕ್ಕೆ ಮೂವ್. ಕಂಪ್ಯೂಟರ್ ಒಂದು ಸಂಖ್ಯೆಯಲ್ಲಿ ಹದಿನೈದು ಹದಿನಾರು ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಒಂದರ ಮುಂದೆ 99 ಸೊನ್ನೆ ಇರುವಾಗ 912 ಯಾವ ಲೆಕ್ಕ? ಚೊಂಬಿನ ನೀರಿಗೆ ಕಡಲನ್ನೇ ಸುರಿದು, ಆಮೇಲೆ ಕಡಲಷ್ಟನ್ನು ವಾಪಸ್ ತೆಗೆದ ಹಾಗೆ. ಚೊಂಬಿನ ನೀರು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ, ಎತ್ತರ ಸೊನ್ನೆ. ಹುಡುಗ ಸೇರಿದ ಮೊದಲ ವಾರದಲ್ಲಿ ಇದನ್ನು ತೋರಿಸಿದಾಗ ಚಪ್ಪಾಳೆ ಹೊಡೆದಿದ್ದ. ಒಂದು ವರ್ಷ ಅವನು ಇದನ್ನೇ ಮಾಡಿದ್ದಾನೆ. ಎತ್ತರ ಅಂದರೆ ಡ್ರಾಯಿಂಗಿಗೆ ಅಂಟಿದ ಧೂಳು, ಕೊಡವಿ ಬಿಸಾಕಬೇಕು ಅಂತ ಅವನ ಕೈಗೆ ರೂಢಿಯಾಗಿಹೋಗಿದೆ. ಹಾಪರ್‌ನಲ್ಲಿ ಆ ಎತ್ತರವೇ ಸರಕು.

ಶೆಡ್ಡಿನಲ್ಲಿ ಅಷ್ಟರಲ್ಲಿ ಓನರ್ ಬಂದಿದ್ದರು. ಅವರಿಗೆ ಕುತ್ತಿಗೆಯ ಯೋಚನೆ ಹಿಡಿಸಿಬಿಟ್ಟಿತ್ತು. “ಬಿಡಿ ಸ್ವಾಮಿ, 203ರದ್ದು ಒಂದು ಚೌಕದ ಪೈಪ್ ಮಾಡಿ ಕೂರಿಸಿದ್ರೆ ಮುಗೀತು. ನೋಡೋಕೂ ಚೆನ್ನಾಗೇ ಇರುತ್ತೆ. ಹಬ್ಬ ಬೇರೆ ಬಂತು.” ನನಗೂ ಆಸೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಕುತ್ತಿಗೆ ಹಾಕಿದ್ದರೆ ನಮ್ಮ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆ ವಾರದ ಮಟ್ಟಿಗೆ.

ಆದರೆ ಹಾಪರ್ ಪಾತ್ರೆಯಲ್ಲ, ಜಾರುಬಂಡೆ. ಮೂಲ ಡಿಸೈನಿನಲ್ಲಿ ಪ್ಲೇಟಿನ ಇಳಿಜಾರು ನೆಲದಿಂದ 53 ಡಿಗ್ರಿ. ಮಲಗಿಕೊಂಡ ಹಾಪರ್‌ನಲ್ಲಿ 41. ಇದರಲ್ಲೂ ರವೆಗೆ ಕಷ್ಟ ಕೊಡುವುದು ಪ್ಲೇಟಿನ ನಡುಭಾಗವಲ್ಲ, ಎರಡು ಪ್ಲೇಟು ಕೂಡುವ ಮೂಲೆಯ ಕಣಿವೆ. ಅಲ್ಲಿ ಇಳಿಜಾರು ಯಾವಾಗಲೂ ಪ್ಲೇಟಿಗಿಂತ ಕಡಿಮೆ, ಏಕೆಂದರೆ ಅಷ್ಟೇ ಎತ್ತರಕ್ಕೆ ಕರ್ಣದ ದಾರಿ ಉದ್ದ. ಸರಿಯಾದ ಹಾಪರ್‌ನಲ್ಲಿ ಮೂಲೆಯ ಇಳಿಜಾರು 43 ಡಿಗ್ರಿ, ಇದರಲ್ಲಿ 32. ರವೆ ಮೂಲೆಯಲ್ಲಿ ಕೂರುತ್ತದೆ, ತೇವ ಹಿಡಿಯುತ್ತದೆ, ಕೂತದ್ದು ಹಳಸುತ್ತದೆ, ಯಾರೋ ಸುತ್ತಿಗೆಯಿಂದ ಬಡಿಯಲು ಶುರು ಮಾಡುತ್ತಾರೆ. ತಿನ್ನುವ ಪದಾರ್ಥದ ಮಷೀನಿನಲ್ಲಿ ಇದು ಬೇಡದ ತಲೆನೋವು. ಇನ್ನು ಹಿಡಿತ: 378 ಲೀಟರ್ ಹಿಡಿಯಬೇಕಾದದ್ದು 250 ಹಿಡಿಯುತ್ತದೆ. ಕುತ್ತಿಗೆಯ 18 ಲೀಟರ್ ಸೇರಿಸಿದರೂ ಹತ್ತರಲ್ಲಿ ಮೂರು ಪಾಲಿನಷ್ಟು ಖೋತಾ. ಗಿರಾಕಿಯ ಆಳು ಮೂಟೆ ಸುರಿಯುವಾಗ ಮೊದಲ ದಿನವೇ ಕಂಡುಹಿಡಿಯುತ್ತಾನೆ.

ಈ ಲೀಟರಿನ ಲೆಕ್ಕ ಓನರ್‌ಗೆ ನಾಟಿತು. ಡಿಗ್ರಿಯ ಮಾತಿಗೆ ಅವರು ಅಷ್ಟಾಗಿ ಅಲುಗಾಡಲಿಲ್ಲ.

ಮತ್ತೆ ಮಾಡಿದ್ದು ಹೀಗೆ. ಮಾದರಿಯಲ್ಲಿ ಮುಂದಿನ ಪ್ಲೇಟಿನ ಒಳಮೈಯನ್ನು ಸಾಲಿಡ್‌ಎಡಿಟ್‌ನ ಕಾಪಿ ಫೇಸ್‌ನಿಂದ ನಕಲು ತೆಗೆದೆವು. ಅದು ರೀಜನ್ ಆಗಿ, ಅಂದರೆ ದಪ್ಪವಿಲ್ಲದ ಚಪ್ಪಟೆ ಆಕಾರವಾಗಿ ಬರುತ್ತದೆ. ಅದನ್ನು ತ್ರೀಡಿ ಅಲೈನ್‌ನಲ್ಲಿ ಮೂರು ಬಿಂದು ಹಿಡಿದು ನೆಲಕ್ಕೆ ಮಲಗಿಸಿದೆವು. ಒತ್ತಲಿಲ್ಲ, ಮಲಗಿಸಿದೆವು. ಎಕ್ಸ್‌ಪ್ಲೋಡ್ ಮಾಡಿದಾಗ ಗೆರೆಗಳು ಗೆರೆಗಳಾಗಿ, ತೂತುಗಳು ದುಂಡಗೆ ವೃತ್ತಗಳಾಗಿ ಬಂದವು. ಡ್ರಾಯಿಂಗಿನ ಅಕ್ಷಗಳನ್ನು (ಯುಸಿಎಸ್) ಪ್ಲೇಟಿನ ಮೈಗೆ ಕೂರಿಸಿ, ಪ್ಲಾನ್ ಕೊಟ್ಟು, ನೇರ ಎದುರಿನಿಂದ ನೋಡುತ್ತಾ ಫ್ಲಾಟ್‌ಶಾಟ್ ತೆಗೆದರೂ ಆಕಾರ ಸರಿಯಾಗಿಯೇ ಬರುತ್ತದೆ. ಆದರೆ ನನಗೆ ಮೊದಲನೆಯ ದಾರಿಯೇ ಇಷ್ಟ, ಅದರಲ್ಲಿ ನೋಡುವ ದಿಕ್ಕಿನ ಮಾತೇ ಇಲ್ಲ. ಸಾಲಿಡ್‌ವರ್ಕ್ಸ್‌ನಂಥದ್ದರಲ್ಲಿ ಶೀಟ್ ಮೆಟಲ್ ಪಾರ್ಟ್ ಆಗಿಯೇ ಮಾಡಿದ್ದರೆ ಫ್ಲಾಟ್ ಪ್ಯಾಟರ್ನ್ ಒಂದು ಕ್ಲಿಕ್ಕು. ಬೆಂಡ್ ಇರುವ ಜಾಬ್‌ಗೆ ಅದು ಬೇಕೇ ಬೇಕು, ಬಗ್ಗಿದ ಜಾಗದಲ್ಲಿ ಶೀಟು ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಅದರೊಳಗಿದೆ. ನಮ್ಮದರಲ್ಲಿ ಬೆಂಡ್ ಇರಲಿಲ್ಲ, ನಾಲ್ಕು ತುಂಡು, ನಾಲ್ಕು ವೆಲ್ಡಿಂಗ್. ಒಳಮೈ ತೆಗೆದುಕೊಳ್ಳಬೇಕೋ ಹೊರಮೈಯೋ ಅಂತ ಹುಡುಗ ಕೇಳಿದ, ಒಳ್ಳೆಯ ಪ್ರಶ್ನೆ. ಚೀಟಿಯ ಅಳತೆಗಳು ಒಳಗಿನವು. ಒಳಮೈಗೆ ಕತ್ತರಿಸಿದರೆ ಒಳಗಿನ ಅಂಚುಗಳು ಕೂಡಿ, ಹೊರಗೆ ವೆಲ್ಡಿಂಗ್ ತುಂಬಲು ಸಣ್ಣ ವಿ ತಾನಾಗಿಯೇ ಉಳಿಯುತ್ತದೆ.

ಕಳಿಸುವ ಮುಂಚೆ ಈ ಸಲ ಚೀಟಿ ನೋಡಲಿಲ್ಲ, ವಿಸ್ತೀರ್ಣ ನೋಡಿದೆವು. ಮಾದರಿಯ ಮೈಯ ವಿಸ್ತೀರ್ಣ, ತೂತುಗಳನ್ನು ಕಳೆಯದೆ, 5,62,500 ಚದರ ಎಂಎಂ. ಹೊಸ ಡಿಎಕ್ಸ್‌ಎಫ್‌ನಲ್ಲೂ ಅಷ್ಟೇ. ಹಳೆಯದರಲ್ಲಿ ನೋಡಿದರೆ 4,50,000. ಉದ್ದಗಳು ಒಂದಕ್ಕೊಂದು ವೇಷ ಹಾಕಿಕೊಂಡು ಮೋಸ ಮಾಡಬಹುದು, ವಿಸ್ತೀರ್ಣಕ್ಕೆ ಆ ಕಲೆ ಬರುವುದಿಲ್ಲ. ಓರೆಯಾಗಿ ನೋಡಿದ ಯಾವ ಮೈಯೂ ಚಿಕ್ಕದಾಗಿಯೇ ಕಾಣುತ್ತದೆ. ಎರಡನೆಯದಾಗಿ ಲೇಸರ್‌ನವರಿಗೆ ಒಂದು ಸಾಲು ಬರೆದೆವು: ತೂತು 11, ದುಂಡು, ಮೊಟ್ಟೆಯ ಹಾಗೆ ಕಂಡರೆ ಕತ್ತರಿಸಬೇಡಿ, ಫೋನ್ ಮಾಡಿ.

ಶೀಟು, ಕಟಿಂಗು, ಟ್ಯಾಕ್ ಬಿಡಿಸಿದ ಕೂಲಿ ಎಲ್ಲ ನಾವೇ ಕೊಟ್ಟೆವು. ನಾಲ್ಕು ಪ್ಲೇಟಿಗೆ ಹೊಸದಾಗಿ 36 ಕೆಜಿಯಷ್ಟು ಎಸ್‌ಎಸ್. ಆ ತಿಂಗಳ ಆಫೀಸ್ ಬಾಡಿಗೆಗಿಂತ ಜಾಸ್ತಿಯೇ ಆಯಿತು. ಹುಡುಗ ತನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಅಂದ. “ಟೂ ಡಿ ಮಾಡು ಅಂದವನು ನಾನು ಕಣಪ್ಪ” ಅಂದೆ, ಮಾತು ಅಲ್ಲಿಗೆ ನಿಂತಿತು. ಈಗ ಯಾರಾದರೂ ಹಾಗೆ ಕೇಳಿಕೊಂಡು ಬಂದರೆ ಅವನೇ ತಿರುಗಿ ಕೇಳುತ್ತಾನೆ: “ನೋಡೋಕಾ ಸಾರ್, ಕತ್ತರಿಸೋಕಾ?” ಕೆಲವರಿಗೆ ಕೋಪ ಬರುತ್ತದೆ, ಅಷ್ಟೂ ಗೊತ್ತಾಗಲ್ವಾ ಅನ್ನುತ್ತಾರೆ.

ಹೊಸ ಹಾಪರ್ ಗುರುವಾರ ಕೂತಿತು, ಕೆಳಬಾಯಿ ಫೀಡರ್‌ನ ಬಾಯಿಗೆ ಸರಿಯಾಗಿ. ಹಳೆಯದನ್ನು ಓನರ್ ಸ್ಕ್ರಾಪಿಗೆ ಹಾಕಲಿಲ್ಲ. ಬೋರಲು ಹಾಕಿ, ವೆಲ್ಡಿಂಗ್ ಟೇಬಲ್ಲಿನ ಮೇಲೆ ಚೈನಿನಲ್ಲಿ ತೂಗುಹಾಕಿ, 300ರ ಬಾಯಿಗೆ ಒಂದು ಹೊಗೆ ಪೈಪ್ ಸಿಕ್ಕಿಸಿದರು. ಆಯುಧಪೂಜೆಯ ದಿನ ಪ್ರಸಾದಕ್ಕೆ ಹೋದಾಗ ಅದಕ್ಕೂ ವಿಭೂತಿ ಎಳೆದು ಚೆಂಡುಹೂವಿನ ಹಾರ ಹಾಕಿದ್ದರು. ಫಿಟ್ಟರ್ ಡ್ರಿಲ್ ಹೊಡೆದ ಆ ಎರಡು ತೂತಿನಿಂದ ಹಾರದ ದಾರ ಪೋಣಿಸಿದ್ದ. ಹುಡುಗ ಅದರ ಕೆಳಗೆ ನಿಂತು ಮೇಲಕ್ಕೆ ನೋಡಿದ. “ಇದಕ್ಕೆ ಮುನ್ನೂರ ತೊಂಬತ್ತೇಳೇ ಕರೆಕ್ಟು, 600 ಇದ್ದಿದ್ರೆ ತಲೆಗೆ ತಾಗ್ತಿತ್ತು” ಅಂತ ಫಿಟ್ಟರ್ ಮಂಡಕ್ಕಿ ಕೈಗೆ ಹಾಕಿದ.